ಗಿಡ್ಡಯ್ಯನ ಬಲಹೆಗಲು

ಸಕಲೇಶಪುರದ ಮಸೀದಿಯ ಹಿಂದಿನ ಓಣಿಯಲ್ಲಿ ಮರಿಯಮ್ ಬೀಯ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಯಾವ ಮನೆಯ ಜಗಲಿಯ ಮೇಲೆ ಒಂದು ಕೈಯಿಂದ ಇನ್ನೊಂದು ಕೈ ಹಿಡಿದುಕೊಂಡು ಯಾರಾದರೂ ಕೂತಿರುತ್ತಿದ್ದರೋ ಅದೇ ಅವಳ ಮನೆ. ಕಾಫಿ ಮೂಟೆ ಹೊತ್ತು ಜಾರಿದವರು, ಗಾಡಿಯಿಂದ ಉರುಳಿದವರು, ತೋಟದ ಏಣಿಯಿಂದ ಬಿದ್ದವರು, ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಲಾರಿ ಡ್ರೈವರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅವಳು ಒಂಟಿಯಾಗಿದ್ದಳು. ಮಕ್ಕಳಿರಲಿಲ್ಲ.

ಈ ವಿದ್ಯೆ ಅವಳಿಗೆ ತಂದೆಯಿಂದ ಬಂದದ್ದು. ಆತ ಕುದುರೆಗೆ ಲಾಳ ಕಟ್ಟುತ್ತ, ಮನುಷ್ಯರ ಮೂಳೆಯನ್ನೂ ಕೂಡಿಸುತ್ತಿದ್ದ. ಗಂಡುಮಗ ಇಲ್ಲದ್ದರಿಂದ ಮಗಳಿಗೇ ಕಲಿಸಿದ. ಬಕ್ರೀದ್ ಮುಗಿದ ಮಾರನೆಯ ದಿನ ಮೇಕೆಯ ಹೆಗಲಿನ ಹಲಗೆಯೆಲುಬನ್ನು ತೊಳೆದು ಅವಳ ಕೈಗೆ ಕೊಟ್ಟು, ಇದು ಮನುಷ್ಯನಿಗೂ ಇದೆ, ಬೆನ್ನಿನ ಮೇಲೆ ತೇಲಿಕೊಂಡಿರುತ್ತದೆ ಎಂದು ತೋರಿಸಿದ್ದ. ಆದರೆ ಮೇಕೆಗೆ ಕೊರಳೆಲುಬಿಲ್ಲ. ಅದಕ್ಕೇ ಮುಂಗಾಲನ್ನು ಹಿಂದೆ ಮುಂದೆ ಆಡಿಸುತ್ತದೆಯೇ ಹೊರತು ನಮ್ಮ ಹಾಗೆ ಅಡ್ಡಕ್ಕೆ ಚಾಚಲಾರದು. ಮನುಷ್ಯನ ಇಡೀ ಕೈ ಮೈಗೆ ಮೂಳೆಯಿಂದ ಸೇರಿಕೊಂಡಿರುವುದು ಆ ಬೆರಳುದಪ್ಪದ ಕೊರಳೆಲುಬಿನ ಒಂದು ತುದಿಯಲ್ಲಿ ಮಾತ್ರ. ಉಳಿದದ್ದೆಲ್ಲ ಸ್ನಾಯುವಿನ ಹಿಡಿತ. ತೋಳಿನ ಮೂಳೆಯ ತಲೆ ದೊಡ್ಡ ನಿಂಬೆಹಣ್ಣಿನ ಹಾಗೆ; ಅದು ಕೂರುವ ಗುಳಿ ಮಾತ್ರ ಚಮಚದಷ್ಟು. ಆದ್ದರಿಂದಲೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದ್ದರಿಂದಲೇ ಬೇರೆಲ್ಲ ಕೀಲಿಗಿಂತ ಬೇಗ ಕಳಚುತ್ತದೆ ಎಂದು ತಂದೆ ಹೇಳಿದ್ದ.

ಗಿಡ್ಡಯ್ಯ ಅವಳ ಜಗಲಿಗೆ ಮೊದಲ ಸಲ ಬಂದದ್ದು ಐವತ್ತೈದನೆಯ ಇಸವಿಯ ಬೇಸಿಗೆಯಲ್ಲಿ. ಹೊಂಗಡಹಳ್ಳದ ಹತ್ತಿರದ ಒಂದು ಎಸ್ಟೇಟಿನಲ್ಲಿ ಅವನು ಮರಗಸಿ ಮಾಡುವ ಆಳು. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು ಅವನ ಕೆಲಸ. ಹೆಸರಿಗೆ ಗಿಡ್ಡಯ್ಯ, ಆಳು ಮಾತ್ರ ಆರಡಿ. ಕಾಲು ಜಾರಿ, ಬಲಗೈಯಲ್ಲಿ ಕೊಂಬೆ ಹಿಡಿದು ಜೋತಾಡಿದವನ ಹೆಗಲು ಕಳಚಿತ್ತು. ದುಂಡಗಿರಬೇಕಾದ ಭುಜ ಮೂಲೆ ಕತ್ತರಿಸಿದಂತೆ ಚಪ್ಪಟೆಯಾಗಿತ್ತು. ಬಲಗೈಯಿಂದ ಎಡಹೆಗಲು ಮುಟ್ಟು ಎಂದರೆ ಮುಟ್ಟಲಾಗಲಿಲ್ಲ.

ಮರಿಯಮ್ ಬೀ ಅವಸರ ಮಾಡುತ್ತಿರಲಿಲ್ಲ. ಮೊದಲು ಬೆರಳು ಆಡಿಸಲು ಹೇಳುತ್ತಿದ್ದಳು. ಆಮೇಲೆ ಹೆಬ್ಬೆರಳನ್ನು ತೋಳಿನ ಮೂಳೆಯ ತಲೆಯ ಗುಂಡಿನ ಮೇಲಿಟ್ಟು ಮೊಣಕೈಯನ್ನು ಕೂದಲೆಳೆಯಷ್ಟು ತಿರುಗಿಸಿ, ಕೈಯ ಜೊತೆ ಗುಂಡೂ ತಿರುಗುತ್ತದೆಯೇ ನೋಡುತ್ತಿದ್ದಳು. ತಿರುಗಿದರೆ ಮೂಳೆ ಇಡಿಯಾಗಿದೆ ಎಂದರ್ಥ. ಆಮೇಲೆಯೇ ಮಲಗಿಸಿ, ಊರು, ಮನೆ, ದನಕರು ಎಂದು ಏನೇನೋ ಕೇಳುತ್ತ, ಮಡಿಸಿದ ಮೊಣಕೈಯನ್ನು ನಿಧಾನವಾಗಿ ಹೊರಕ್ಕೆ ಹೊರಳಿಸಿ, ಎದೆಯ ಮೇಲಕ್ಕೆ ತರುತ್ತಿದ್ದಳು. ಗಿಡ್ಡಯ್ಯ ತನ್ನ ಹೆಂಡತಿ ಭೂತಮ್ಮನ ತವರು ಆಲೂರಿನ ಕಡೆ ಎಂದು ಹೇಳುತ್ತಿರುವಾಗಲೇ ಗುಂಡು ಗುಳಿಗೆ ಬಿತ್ತು. ಅವನಿಗೆ ನಂಬಲಾಗಲಿಲ್ಲ. ಎದ್ದು ಕೂತು ತನ್ನ ಕೈಯನ್ನು ತಾನೇ ನೋಡಿಕೊಂಡ.

ಮರ ಹತ್ತುವುದನ್ನು ಬಿಡು ಎಂದು ಅವಳು ಅಂದೇ ಹೇಳಿದಳು. ಹರೆಯದಲ್ಲಿ ಒಮ್ಮೆ ಕಳಚಿದ ಹೆಗಲು ಮತ್ತೆ ಕಳಚದೆ ಇರುವುದು ಅಪರೂಪ. ಆದರೆ ಎಸ್ಟೇಟಿನ ಆಳುಗಳ ಸಾಲುಮನೆಯ ಲೈನಿನಲ್ಲಿದ್ದ ಮನೆ ಅವನಿಗೆ ಸಿಕ್ಕಿದ್ದೇ ಮರ ಹತ್ತುವ ಆಳೆಂದು. ಅವನು ಹತ್ತಿದ. ಎರಡು ವರ್ಷಕ್ಕೆ ಮತ್ತೆ ಬಂದ. ಮೂರನೆಯ ಸಲ ಬಂದಾಗ ಬರೀ ಕಂಬಳಿ ಕೊಡವುವಾಗ ಕಳಚಿತ್ತು. ನಡುವೆ, ಹೆಗಲು ನೆಟ್ಟಗಿರುವಾಗಲೂ, ಸಂತೆಗೆ ಬಂದರೆ ಓಣಿಗೆ ಬಂದು ಒಂದು ಬಾಟಲಿ ಜೇನನ್ನೋ ಕಳಲೆಯನ್ನೋ ಜಗಲಿಯ ಮೇಲಿಟ್ಟು ಹೋಗುತ್ತಿದ್ದ. ಬೀಯಮ್ಮ ಎಂದು ಕರೆಯುತ್ತಿದ್ದ. ಅವಳಿಗೂ ಅವನು ಬಂದರೆ ಮನೆಯವನೊಬ್ಬ ಬಂದಂತಾಗುತ್ತಿತ್ತು.

ಅರವತ್ತೊಂದರ ಮೇ ತಿಂಗಳಲ್ಲಿ ಎಸ್ಟೇಟಿನ ಲಾರಿ ಓಣಿಯ ಬಾಯಿಗೆ ಬಂದು ನಿಂತಿತು. ಗಿಡ್ಡಯ್ಯನನ್ನು ಇಬ್ಬರು ಹಿಡಿದು ಇಳಿಸಿದರು. ಹಿಂದೆ ಭೂತಮ್ಮ ಇದ್ದಳು. ಈ ಸಲ ಅವನು ಜೋತಾಡಿರಲಿಲ್ಲ. ನೆರಳಿನ ಸಿಲ್ವರ್ ಮರದಿಂದ ನೇರ ನೆಲಕ್ಕೆ, ಬಲಗೈ ಊರಿ ಬಿದ್ದಿದ್ದ. ಹೆಗಲು ಕುಂಬಳಕಾಯಿಯಂತೆ ಊದಿತ್ತು. ಬೆರಳಿಟ್ಟರೆ ಮೂಳೆಯೇ ಕೈಗೆ ಸಿಗಲಿಲ್ಲ.

"ಅದೇ ಹಳೇದು ಕಣ್ ಬೀಯಮ್ಮ," ಎಂದ ಗಿಡ್ಡಯ್ಯ, ಹಲ್ಲು ಕಚ್ಚಿಕೊಂಡು. "ಒಂದ್ಸಾರಿ ಕೂರ್ಸ್‌ಬುಡಿ, ತಡೆಯಕ್ಕಾಗಾಕಿಲ್ಲ."

ಅವನು ಹಾಗೆ ಕೇಳಿಕೊಂಡದ್ದಕ್ಕೋ, ಮೂರು ಸಲ ಕೂಡಿಸಿದ ಹೆಗಲು ತನಗೆ ಗೊತ್ತು ಎಂಬ ಭರವಸೆಗೋ, ಅವಳು ಅವನನ್ನು ನೇರವಾಗಿ ಮಲಗಿಸಿಬಿಟ್ಟಳು. ಮೊಣಕೈ ಹಿಡಿದು ಹೊರಕ್ಕೆ ಹೊರಳಿಸಿದಳು. ಎಂದಿನಂತೆ ಗುಂಡು ಜಾರಲಿಲ್ಲ. ಒಳಗೆ ಒಣ ಬೆಲ್ಲದ ಅಚ್ಚನ್ನು ಜಜ್ಜಿದಂತೆ ಕರಕರ ಎಂದಿತು. ಗಿಡ್ಡಯ್ಯ ಕೂಗಲಿಲ್ಲ, ಎಚ್ಚರ ತಪ್ಪಿದ.

ಮುರಿದಿದೆ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು. ಕಂಕುಳಿಗೆ ಬಟ್ಟೆಯ ಸುರುಳಿ ಇಟ್ಟು, ಕೈಯನ್ನು ಎದೆಗೆ ಕಟ್ಟಿ, ಅದೇ ಲಾರಿ ಹತ್ತಿಸಿ, ತಾನೂ ಹತ್ತಿ ಆಸ್ಪತ್ರೆಗೆ ಹೋದಳು. ದಾರಿಯಲ್ಲಿ ಅವನಿಗೆ ಎಚ್ಚರವಾದಾಗ ಬೆರಳು ಆಡಿಸು ಎಂದಳು. ಬೆರಳು ಆಡಲಿಲ್ಲ.

ಊರಿನ ಡಾಕ್ಟರು ಚಂದ್ರಶೇಖರ ಎಂಬ ಎಳೆಯ ವಯಸ್ಸಿನವರು. ಹಾಸನಕ್ಕೆ ಕಳಿಸಿ ಎಕ್ಸ್‌ರೇ ತೆಗೆಸಿದರು. ಹತ್ತು ದಿನದ ಮೇಲೆ ಮರಿಯಮ್ ಬೀ ಅವರ ಮುಂದೆ ಹೋಗಿ ನಿಂತಾಗ ಬೈಯಲಿಲ್ಲ. ಕೂರಿಸಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಅಷ್ಟು ವರ್ಷ ಬೆರಳಿನಲ್ಲಷ್ಟೇ ಕಂಡಿದ್ದನ್ನು ಅವಳು ಮೊದಲ ಸಲ ಕಣ್ಣಿನಿಂದ ಕಂಡಳು: ಮೇಲೆ ಕೊರಳೆಲುಬು, ಹಿಂದೆ ಹಲಗೆಯೆಲುಬು, ಅದರ ಅಂಚಿನ ಪುಟ್ಟ ಗುಳಿ, ಅದರ ಪಕ್ಕ ಗುಂಡು. ಗುಂಡು ಗುಳಿಯಲ್ಲೇ ಇತ್ತು. ಅದರ ಕೆಳಗೆ, ಮೂಳೆ ಸಣ್ಣಗಾಗುವ ಕತ್ತಿನಲ್ಲಿ, ಮುರಿತ. ಆ ಕತ್ತನ್ನು ಸುತ್ತಿಕೊಂಡು ಭುಜ ಎತ್ತುವ ನರ ಹೋಗುತ್ತದೆ, ಕೈಗಿಳಿಯುವ ಬೇರೆಲ್ಲ ನರಗಳ ಕಂತೆಯೂ ಕಂಕುಳಲ್ಲೇ ಇದೆ, ಅಲ್ಲಿ ಪೆಟ್ಟಾಗಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಅವಳು ಒಂದೇ ಮಾತು ಕೇಳಿದಳು. "ನರ ಹೋಗಿದ್ದು ಅವನು ಬಿದ್ದಾಗ್ಲೋ, ನಾನು ತಿರುಗಿಸ್ದಾಗ್ಲೋ?"

"ಅದನ್ನ ಯಾರೂ ಹೇಳೋಕಾಗಲ್ಲ ಅಮ್ಮ," ಎಂದರು ಡಾಕ್ಟರು. "ನೀವು ಮುಟ್ಟೋಕೆ ಮುಂಚೆ ಬೆರಳು ಆಡ್ತಿತ್ತಾ?"

ಅವಳು ನೋಡಿರಲಿಲ್ಲ. ಮೂವತ್ತು ವರ್ಷದಲ್ಲಿ ನೋಡದೆ ಬಿಟ್ಟದ್ದು ಅದೊಂದೇ ದಿನ.

ಮೂಳೆ ಕೂಡಿಕೊಂಡಿತು, ಕೈಗೆ ಜೀವ ಬರಲಿಲ್ಲ. ಭುಜದ ಮಾಂಸ ತಿಂಗಳು ತಿಂಗಳಿಗೆ ಇಂಗಿ, ಚರ್ಮದಡಿ ಮೂಳೆಯ ಮೂಲೆ ಎದ್ದು ಕಂಡಿತು. ಆಡಿಸದೆ ಬಿಟ್ಟರೆ ಕೀಲು ಕಚ್ಚಿಕೊಳ್ಳುತ್ತದೆ, ಮುಂದೆ ನರ ಚಿಗುರಿದರೂ ಉಪಯೋಗವಿಲ್ಲ, ದಿನಾ ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿದ್ದರು. ಮರಿಯಮ್ ಬೀ ಹೆಗಲು ಕೂಡಿಸುವುದನ್ನು ನಿಲ್ಲಿಸಿದಳು. ಯಾರು ಬಂದರೂ ಕೈ ಕಟ್ಟಿ ಆಸ್ಪತ್ರೆಗೆ ಕಳಿಸುತ್ತಿದ್ದಳು. ಪ್ರತಿ ಗುರುವಾರ ಎಣ್ಣೆಯ ಬಾಟಲಿ ಹಿಡಿದು ಹೊಂಗಡಹಳ್ಳದ ಬಸ್ಸು ಹತ್ತುತ್ತಿದ್ದಳು.

ಮೊದಲ ಗುರುವಾರ ಭೂತಮ್ಮ ಅವಳನ್ನು ಒಳಗೆ ಬಿಡಲಿಲ್ಲ. ಬಾಗಿಲಿಗೆ ಅಡ್ಡ ನಿಂತು ಹೇಳಿದಳು: "ನಿಮ್ ಮನೆಗೆ ಲಾರಿನಾಗೆ ಬರೋವಾಗ ನನ್ ಸೆರಗು ಹಿಡ್ಕಂಡಿದ್ದ, ಅದೇ ಕೈನಾಗೆ. ಬಿಗಿಯಾಗಿ ಹಿಡ್ಕಂಡಿದ್ದ."

ಮರಿಯಮ್ ಬೀ ಲೈನಿನ ಮುಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಸ್ಸು ವಾಪಸು ಬರುವ ತನಕ ಕೂತಿದ್ದು ಹೋದಳು. ಮುಂದಿನ ವಾರವೂ ಹಾಗೇ. ನಾಲ್ಕನೆಯ ವಾರ ಮಳೆ ಹೊಡೆಯುತ್ತಿತ್ತು. ಗಿಡ್ಡಯ್ಯನೇ ಹೊರಗೆ ಬಂದು ಎಡಗೈಯಿಂದ ಅವಳನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದ. ಭೂತಮ್ಮ ಒಲೆಯ ಕಡೆ ತಿರುಗಿ ಕೂತಳು.

ಅವತ್ತು ಎಣ್ಣೆ ತೀಡುವಾಗ ಗಿಡ್ಡಯ್ಯ ತಗ್ಗಿದ ದನಿಯಲ್ಲಿ, ಹೆಂಡತಿಯ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸೆರಗು ಹಿಡಿದಿದ್ದು ಎಡಗೈ, ಬಲಗೈ ಮರದ ಬುಡದಲ್ಲೇ ಸತ್ತಿತ್ತು ಎಂದ. ಅದು ನಿಜವೋ, ತನ್ನ ಸಮಾಧಾನಕ್ಕೆ ಹೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಅವನು ಅಂಥ ಸುಳ್ಳು ಹೇಳಬಲ್ಲ ಮನುಷ್ಯನೇ ಆಗಿದ್ದ.

ಎರಡು ವರ್ಷ ಹೀಗೆ ನಡೆಯಿತು. ಒಂದು ಕೈಯಿಂದ ಹಲಗೆಯೆಲುಬನ್ನು ಒತ್ತಿ ಹಿಡಿದು ಇನ್ನೊಂದರಿಂದ ತೋಳನ್ನು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ, ಎದೆಯ ಮೇಲೆ ಅಡ್ಡಕ್ಕೆ ತರುವಳು. ಒಳಕ್ಕೂ ಹೊರಕ್ಕೂ ಹೊರಳಿಸುವಳು. ಆಮೇಲೆ ಹಲಗೆಯನ್ನು ಬಿಟ್ಟು ಕೈಯನ್ನು ತಲೆಯ ಮೇಲಕ್ಕೆ ಎತ್ತುವಳು. ಕೈ ಪೂರ್ತಿ ಏರಬೇಕಾದರೆ ಹಲಗೆಯೂ ಬೆನ್ನಿನ ಮೇಲೆ ಜಾರಿ ತಿರುಗಬೇಕು. ಕೀಲು ಕಚ್ಚಲಿಲ್ಲ. ಅವಳು ಎತ್ತಿದರೆ ಕೈ ಆಕಾಶಕ್ಕೆ ಏಳುತ್ತಿತ್ತು, ಬಿಟ್ಟರೆ ಬಿದ್ದುಹೋಗುತ್ತಿತ್ತು. ಅದು ಏಳುವುದನ್ನು ನೋಡಲು ಭೂತಮ್ಮ ಒಲೆ ಬಿಟ್ಟು ಹತ್ತಿರ ಬರತೊಡಗಿದಳು. ವಾರದ ಉಳಿದ ದಿನಗಳಲ್ಲಿ ತಾನೇ ಆಡಿಸುವುದನ್ನು ಕಲಿತಳು.

ಅರವತ್ಮೂರರಲ್ಲಿ ಎಸ್ಟೇಟಿನವರು ಲೈನಿನ ಮನೆಯನ್ನು ಬೇರೊಬ್ಬ ಮರ ಹತ್ತುವವನಿಗೆ ಕೊಟ್ಟರು. ಗಿಡ್ಡಯ್ಯ ಹೆಂಡತಿಯ ತವರಿಗೆ ಹೋದ. ಮರಿಯಮ್ ಬೀ ವಿಳಾಸ ವಿಚಾರಿಸಿಕೊಂಡು, ಗುರುವಾರ ಆಲೂರಿನ ಬಸ್ಸು ಹತ್ತಿ, ಅಲ್ಲಿಂದ ಮೂರು ಮೈಲಿ ನಡೆದು ಹೋದಳು. ಗಿಡ್ಡಯ್ಯ ಬಾವಮೈದುನನ ಕುರಿ ಕಾಯುತ್ತ ಗುಡ್ಡದ ಬದಿಯಲ್ಲಿ ಕೂತಿದ್ದ. ಬಲಗೈಯನ್ನು ಟವೆಲಿನಲ್ಲಿ ಎದೆಗೆ ಕಟ್ಟಿಕೊಂಡಿದ್ದ. ಅವಳನ್ನು ಕಂಡು ಎದ್ದು ನಿಂತ. ಮುಖದಲ್ಲಿ ಸಂತೋಷವಿತ್ತು, ಆಮೇಲೆ ಅದು ಇಳಿಯಿತು.

"ಇನ್ ಬರಬ್ಯಾಡಿ ಬೀಯಮ್ಮ," ಎಂದ. "ಬೇಜಾರ್ ಮಾಡ್ಕಬ್ಯಾಡಿ. ನೀವು ಬಂದು ಕೈ ಎತ್ತಿದಾಗೆಲ್ಲ ನಮ್ಮನೆಯವಳು ವಾಸಿಯಾಯ್ತದೆ ಅಂತ ಕಾಯ್ತಾಳೆ. ದಿನಾ ಬೆಳಿಗ್ಗೆ ಬೆರಳು ಆಡ್ತೈತಾ ಅಂತ ಕೇಳ್ತಾಳೆ. ಇಲ್ಲ ಅನ್ನಕ್ಕೆ ನಂಗೆ ಆಗಾಕಿಲ್ಲ."

ಅವಳು ಅವನ ಪಕ್ಕ ಹುಲ್ಲಿನ ಮೇಲೆ ಕೂತಳು. ನರ ಚಿಗುರುವುದಾದರೆ ಎರಡು ವರ್ಷದೊಳಗೆ ಚಿಗುರಬೇಕಿತ್ತು ಎಂದು ಡಾಕ್ಟರು ಹೇಳಿದ್ದು ಅವಳಿಗೆ ಗೊತ್ತಿತ್ತು. ಅವನಿಗೆ ಅದನ್ನು ಹೇಳಿರಲಿಲ್ಲ. ಹೇಳದೆಯೇ ಅವನಿಗೂ ಗೊತ್ತಾಗಿತ್ತು. ಗುರುವಾರ ಬಸ್ಸು ಹತ್ತಿದ್ದು ಅವನ ಕೈಗಾಗಿಯೋ, ತನ್ನ ಮನಸ್ಸಿನ ಭಾರಕ್ಕಾಗಿಯೋ ಎಂದು ಅವಳು ಮೊದಲ ಸಲ ಕೇಳಿಕೊಂಡಳು. ಕೊನೆಗೆ, ಆಗಲಿ, ಇನ್ನು ಬರುವುದಿಲ್ಲ ಎಂದು ಒಪ್ಪಿಕೊಂಡಳು.

ಅವತ್ತು ಮನೆಯ ಅಂಗಳದಲ್ಲಿ ಎಂದಿಗಿಂತ ನಿಧಾನವಾಗಿ ಕೈ ಆಡಿಸಿದಳು. ಭೂತಮ್ಮ ಕಾಫಿ ಕೊಟ್ಟಳು. ಬಸ್ಸಿನ ದಾರಿಯ ತನಕ ಜೊತೆಗೂ ಬಂದಳು. ಈಚೆಗೆ ತೋಳು ಬೆಚ್ಚಗಿರುತ್ತದೆ, ಮೊದಲಿನಷ್ಟು ತಣ್ಣಗಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

"ಬರೋ ಗುರುವಾರ ಬತ್ತೀರಲ್ಲ?" ಎಂದು ಕೇಳಿದಳು, ಬಸ್ಸು ಬಂದಾಗ.

ಮರಿಯಮ್ ಬೀ ಅವಳ ಹೆಗಲ ಮೇಲೆ ಕೈಯಿಟ್ಟಳು. ಎಣ್ಣೆಯ ಬಾಟಲಿಯನ್ನು ಭೂತಮ್ಮನ ಕೈಗೆ ಕೊಟ್ಟು ಬಸ್ಸು ಹತ್ತಿದಳು.

ಮುಂದಿನ ಮೂರು ಗುರುವಾರ ಭೂತಮ್ಮ ದಾರಿಗೆ ಬಂದು ಬಸ್ಸಿನ ಹತ್ತಿರ ನಿಂತು, ಸಾಬರ ಅಮ್ಮ ಬಂದರಾ ಎಂದು ವಿಚಾರಿಸಿದಳೆಂದು ಆ ಬಸ್ಸಿನ ಕಂಡಕ್ಟರ್ ಮುಖ್ತಾರ್ ಓಣಿಗೆ ಬಂದು ತಿಳಿಸಿದ. ನಾಲ್ಕನೆಯ ವಾರ ಅವಳು ಬರಲಿಲ್ಲವಂತೆ. ಮರಿಯಮ್ ಬೀ ಜಗಲಿಯ ಮೇಲೆ ಕೂತು ಅದನ್ನು ಕೇಳಿಸಿಕೊಂಡಳು. ಅವನಿಗೆ ಕುಡಿಯಲು ನೀರು ತಂದುಕೊಟ್ಟು ಒಳಗೆ ಹೋದಳು.