ಕಿತ್ತು ಬಂದ ಬಣ್ಣ

ಲೇಪನ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ವಾರಕ್ಕೆರಡು ಸಲ ಮುಂಬಯಿಯ ಗೋರೆಗಾಂವ್‌ನಿಂದ ಕುರ್ಲಾಕ್ಕೆ ಹೋಗುತ್ತಿದ್ದೆ. ಅಲ್ಲಿಯ ಒಂದು ಶೆಡ್ಡಿನಲ್ಲಿ ಪಾದಚಾರಿ ಸೇತುವೆಯ ಕಬ್ಬಿಣದ ರೇಲಿಂಗ್‌ಗಳಿಗೆ ಎಪಾಕ್ಸಿ ಬಣ್ಣ ಹಚ್ಚುತ್ತಿದ್ದರು. ಮೇಸ್ತ್ರಿ ವಿಜಯಪುರದ ಕಡೆಯವರು, ಮನೆಯಲ್ಲಿ ದಖ್ನಿ ಉರ್ದು. ನಾನು ಮೈಸೂರಿನವಳೆಂದು ತಿಳಿದ ದಿನದಿಂದ ನನ್ನೊಡನೆ ಹಿಂದಿ ಬಿಟ್ಟು ಕನ್ನಡಕ್ಕೆ ಬಂದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ನನ್ನ ತಂದೆಗಿಂತ ದೊಡ್ಡವರಾದರೂ ಅವರು ಮಾತ್ರ ಮೇಡಂ ಎಂದೇ ಕರೆಯುತ್ತಿದ್ದರು.

ಪುಸ್ತಕದಲ್ಲಿ ಓದಿದ್ದು ನನಗೆ ನಿಜವಾಗಿ ಅರ್ಥವಾದದ್ದು ಅವರಿಂದ. ಚೂಪು ಹರಳುಗಳನ್ನು ಗಾಳಿಯ ರಭಸದಲ್ಲಿ ಎರಚಿ ಕಬ್ಬಿಣದ ಮೈಯನ್ನು ತರಿತರಿ ಮಾಡಬೇಕು, ಅದೇ ಬ್ಲಾಸ್ಟಿಂಗ್. ಆ ಸಣ್ಣ ತಗ್ಗುಗಳಿಗೆ ಪ್ರೈಮರ್ ಎಂಬ ಮೊದಲ ಬಣ್ಣ ಇಳಿದು, ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಾಗೆ ತರಿಮಾಡಿದ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಲು ಅವರು ಯಾರಿಗೂ ಬಿಡುತ್ತಿರಲಿಲ್ಲ. “ಬೆವರಿನ್ಯಾಗ ಉಪ್ಪು ಇರ್ತದರಿ. ಮ್ಯಾಲ ಬಣ್ಣ ಚಂದ ಕಾಣ್ತದ, ಒಳಗ ಉಪ್ಪು ನೀರು ಕರೀತದ.”

ಒಂದು ಮಳೆಗಾಲದ ಬೆಳಿಗ್ಗೆ, ಬಣ್ಣ ಒಣಗಿದ ರೇಲಿಂಗಿನ ಮೇಲೆ ಬ್ಲೇಡಿನಿಂದ ಅಡ್ಡಕ್ಕೂ ಉದ್ದಕ್ಕೂ ಗೀರಿ, ಟೇಪು ಒತ್ತಿ ಎಳೆದೆ. ಬಣ್ಣ ಚೌಕ ಚೌಕವಾಗಿ ಟೇಪಿನೊಡನೆ ಎದ್ದು ಬಂತು. ಅಡಿಯಲ್ಲಿ ತೆಳ್ಳನೆಯ ಕಂದು. ಇನ್ನೂ ನಾಲ್ಕು ರೇಲಿಂಗ್ ನೋಡಿದೆ. ಅವೂ ಹಾಗೆಯೇ.

“ಬ್ಲಾಸ್ಟಿಂಗ್ ಮಾಡಿದ್ದು ಯಾವಾಗ ಚಾಚಾ?”

“ಹ್ವಾದ ವಾರ, ಮುಂಜಾನೆ. ಆಮ್ಯಾಲ ಕರೆಂಟ್ ಹೋತು. ಪ್ರೈಮರ್ ಹಚ್ಚೂದು ಸಂಜೀಕಾತು.”

“ಈ ಹವೆಯಲ್ಲಿ ಅಷ್ಟು ಹೊತ್ತು ಬಿಟ್ರಾ? ತುಕ್ಕು ಏರಿದ್ದು ಕಾಣಲಿಲ್ವಾ?”

ಅವರು ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿಗೆ ತೀರ ಹತ್ತಿರ ಹಿಡಿದರು.

“ಕಾಣಲಿಲ್ಲರಿ,” ಎಂದರು. ಟೇಪನ್ನು ಮರಳಿ ಕೊಡುತ್ತ, “ವರ್ಷಾತು, ಸರಿಯಾಗಿ ಕಾಣವಲ್ದು. ಯಾರಿಗೂ ಹೇಳಿಲ್ಲ.”

ವರದಿಯ ಹಾಳೆ ನನ್ನ ಕೈಯಲ್ಲೇ ಇತ್ತು. ಪೆನ್ನು ಮುಚ್ಚಿದೆ. ಮುಚ್ಚಳದ ಸದ್ದಿನಿಂದ ಅವರಿಗೆ ಅದು ಗೊತ್ತಾಯಿತು.

“ಬರೀರಿ ಮೇಡಂ. ವಯಸ್ಸಾದವರು, ಬಸುರಿ ಹೆಣ್ಮಕ್ಕಳು ಇದನ್ನ ಹಿಡಕೊಂಡು ಮೆಟ್ಟಲಾ ಇಳೀತಾರ. ನನ್ನ ಮುಖ ನೋಡಬ್ಯಾಡ್ರಿ.”

ಬರೆದೆ. ಅಷ್ಟೂ ರೇಲಿಂಗ್‌ಗಳ ಬಣ್ಣ ಕೆರೆಸಿ ಮತ್ತೆ ಹಚ್ಚಿದರು. ಶೆಡ್ಡಿನ ಮಾಲೀಕರು ಕೂಗಾಡಲಿಲ್ಲ, ಮೇಸ್ತ್ರಿಕೆಯನ್ನು ಬೇರೊಬ್ಬರಿಗೆ ಕೊಟ್ಟರು, ಅಷ್ಟೇ. ಚಾಚಾ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡರು. ಒಂದು ತಿಳಿಯಾಯಿತು. ಇನ್ನೊಂದರ ನರವೇ ಸೋತಿದೆ, ಬಂದದ್ದು ತಡವಾಯಿತು ಎಂದರಂತೆ ಡಾಕ್ಟರು. ಆಸ್ಪತ್ರೆ ಕುರ್ಲಾ ಸ್ಟೇಷನ್ನಿನ ಮಗ್ಗುಲಲ್ಲೇ ಇತ್ತು. ಹೋಗಬೇಕಿತ್ತು. ಹೋಗಿ ಏನು ಹೇಳಲಿ ಎಂದುಕೊಂಡೇ ಮೂರು ಸಲ ಲೋಕಲ್ ಹತ್ತಿ ಮನೆಗೆ ಹೋದೆ.

ತಿಂಗಳ ಮೇಲೆ ಒಂದು ದಿನ ಅವರು ಮತ್ತೆ ಶೆಡ್ಡಿನಲ್ಲಿ, ರೇಲಿಂಗ್ ತೂಗುಹಾಕುವ ಕೊಕ್ಕೆಗಳಿಗೆ ತಂತಿ ಸುತ್ತುತ್ತ ಕೂತಿದ್ದರು. ನಾನೇ ಹತ್ತಿರ ಹೋಗಿ, “ಈಗ ಕಾಣುತ್ತಾ ಚಾಚಾ?” ಎಂದೆ.

“ಒಂದರಾಗ ಕಾಣ್ತದರಿ.” ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. “ನೀವು ಇಷ್ಟು ಸಣ್ಣ ವಯಸ್ಸಿನವರು ಅದೀರಿ ಅಂತ ನನಗ ಗೊತ್ತಿರಲಿಲ್ಲ.”