ಒಂದು ಹಿಡಿ ಗೋಧಿಹಿಟ್ಟು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟಿರಬಹುದು. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನಿಂದ ಇದೆ, ಆದರೆ ಚಿಗವ್ವನ ಜೊತೆ ಆಸ್ಪತ್ರೆ ಅಲೆದ ತಿಂಗಳುಗಳ ಪುಟಗಳೆಲ್ಲ ಖಾಲಿ. ದಣಿದು ಬಂದು ಮಲಗಿಬಿಡುತ್ತಿದ್ದೆ. ಆಮೇಲೆ ಬರೆದದ್ದರಲ್ಲಿ ನಡೆದದ್ದೆಷ್ಟು, ನಾನು ಸೇರಿಸಿದ್ದೆಷ್ಟು ಎಂದು ಗಟ್ಟಿಯಾಗಿ ಹೇಳಲಾರೆ. ಅವಳ ಒಂದು ಮಾತಂತೂ ಎಲ್ಲಿ ಆಡಿದ್ದೆಂದು ಎಷ್ಟು ಯೋಚಿಸಿದರೂ ಸ್ಪಷ್ಟವಾಗುತ್ತಿಲ್ಲ.

ಚಿಗವ್ವ ನನ್ನ ಅವ್ವನ ತಂಗಿ. ತಿಕೋಟಾದಲ್ಲಿ ಮನೆ. ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಕೆಲಸಕ್ಕಿಂತ ಅವಳ ಬಾಯಿಯ ಹೆಸರು ದೊಡ್ಡದು. ಇನ್ನೂ ದೊಡ್ಡದು ಅವಳ ರೊಟ್ಟಿಯದು. ಘೋಣಸಗಿಯ ಪರಿಚಯದ ರೈತರಿಂದ ಜೋಳ ತರಿಸುತ್ತಿದ್ದಳು. ಒಮ್ಮೆ ವಿಜಯಪುರದ ನಮ್ಮ ಮನೆಗೆ ಬಂದಾಗ ಬುಟ್ಟಿಯಲ್ಲಿದ್ದ ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡವಳೇ, “ಇದು ಹ್ವಾದ ವರ್ಷದ ಜ್ವಾಳ. ಯಾರು ನಿನ್ನ ತಲಿಗೆ ಕಟ್ಯಾರ ಇದನ್ನ?” ಎಂದಿದ್ದಳು. ಅಂಗಡಿಯವನನ್ನು ಕೇಳಿದೆ. ಹಳೆಯ ಜೋಳವೇ.

ಅಂಥವಳು ಕರಗತೊಡಗಿದಳು. ರಕ್ತ ಏರುವುದಿಲ್ಲ, ಹೊಟ್ಟೆ ನಿಲ್ಲುವುದಿಲ್ಲ, ಮುಂಜಾನೆ ಎದ್ದರೆ ಕೀಲುಗಳೆಲ್ಲ ಬಿಗಿ. ರಕ್ತಕ್ಕೊಬ್ಬ ಡಾಕ್ಟರು, ಕೀಲಿಗೊಬ್ಬರು, ಹೊಟ್ಟೆಗೆ ಅವಳೇ ತಂದುಕೊಂಡ ಗುಳಿಗೆ. ಒಲೆಯ ಮುಂದೆ ಕೂತರೆ ಕಣ್ಣು ಕತ್ತಲೆ ಬರುತ್ತಿತ್ತು. ರೊಟ್ಟಿ ಬಡಿಯುವ ಕೆಲಸ ಹೊಸದಾಗಿ ಬಂದ ಸೊಸೆಯ ಪಾಲಿಗೆ ಹೋಯಿತು. ಸೊಸೆ ವಿಜಯಪುರದ ಹುಡುಗಿ, ಚಪಾತಿಯ ಮನೆಯಲ್ಲಿ ಬೆಳೆದವಳು. ಅವಳು ತಟ್ಟಿದ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಎರಡಾಗುತ್ತಿತ್ತು. ಓಣಿಯ ಹೆಂಗಸರು ಬಿಡುತ್ತಾರೆಯೆ? “ಏನವಾ, ಭಾರತ ದೇಶದ ನಕಾಶಿ ಮಾಡಾಕತ್ತೀಯೇನ?” ಎಂದು ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಕೊನೆಗೆ ವಿಜಯಪುರದ ಹೊಟ್ಟೆಯ ಡಾಕ್ಟರೊಬ್ಬರು ರಕ್ತಪರೀಕ್ಷೆ ಮಾಡಿಸಿ, ನಳಿಕೆ ಇಳಿಸಿ ನೋಡಿ, ಇದು ಸೀಲಿಯಾಕ್ ಎಂದರು. ಗೋಧಿಯಲ್ಲಿರುವ ಅಂಟು ಒಳಗೆ ಹೋದಾಗಲೆಲ್ಲ ಅವಳ ದೇಹ ತನ್ನ ಕರುಳಿನ ಮೇಲೆಯೇ ಏರಿಹೋಗುತ್ತದಂತೆ. ರಕ್ತದ ಕೊರತೆ, ನಿಶ್ಶಕ್ತಿ, ಕೀಲುನೋವು ಎಲ್ಲಕ್ಕೂ ಅದೇ ಕಾರಣವಿರಬಹುದು ಎಂದರು. ಗೋಧಿ ಪೂರ್ತಿ ಬಿಡಬೇಕು, ಗುಳಿಗೆ ನಡೆಯುತ್ತಿರಲಿ, ಊಟದ ವಿಷಯಕ್ಕೆ ಇವರನ್ನು ನೋಡಿ ಎಂದು ಒಬ್ಬ ಆಹಾರತಜ್ಞೆಯ ಹತ್ತಿರ ಕಳಿಸಿದರು.

ಸಿದ್ಧೇಶ್ವರ ಗುಡಿಯ ಹಿಂದಿನ ಸಂದಿಯಲ್ಲಿ, ಬಳೆ ಅಂಗಡಿಯ ಮೇಲಿನ ಕೋಣೆ. ನಾನು ಅನುಮಾನ ಹೊತ್ತುಕೊಂಡೇ ಮೆಟ್ಟಿಲು ಹತ್ತಿದ್ದೆ. ರೋಗದ ಬೇರು ಕಿತ್ತು ಕೊಡುತ್ತೇವೆ ಎಂದು ಫೋನಿನಲ್ಲಿ ಕೂಗುವವರನ್ನು ಸಾಕಷ್ಟು ನೋಡಿದ್ದೆ, ಅವರ ಹಿಂದೆ ಯಾವಾಗಲೂ ಡಬ್ಬಿಗಳ ಸಾಲಿರುತ್ತದೆ. ಇಲ್ಲಿ ಡಬ್ಬಿ ಇರಲಿಲ್ಲ. ಒಂದು ಮೇಜು, ಮೂರು ಕುರ್ಚಿ, ಕೆಳಗಿನಿಂದ ಬರುವ ಬಳೆಗಳ ಸದ್ದು. ಆಕೆ ನನಗಿಂತ ಚಿಕ್ಕವಳು. ಚಿಗವ್ವನಿಗೆ ಏನು ತಿನ್ನುತ್ತೀರಿ ಎಂದು ಮೊದಲು ಕೇಳಲೇ ಇಲ್ಲ. ಯಾವಾಗ ಉಣ್ಣುತ್ತೀರಿ, ಎಲ್ಲರ ಜೊತೆಗೋ ಎಲ್ಲರದೂ ಆದ ಮೇಲೋ, ಉಳಿದದ್ದನ್ನು ಯಾರು ತಿನ್ನುತ್ತಾರೆ, ನಿದ್ದೆ ಹೇಗೆ, ಹೆರಿಗೆಗಳು ಹೇಗಾದವು, ಹೊಟ್ಟೆ ಯಾವಾಗಿನಿಂದ ಕೆಟ್ಟಿತು. ಚಿಗವ್ವ ನನ್ನ ಕಡೆ ತಿರುಗಿ, “ಏ, ಇವರು ಸಂಬಂಧ ನೋಡಾಕ ಬಂದಂಗ ಕೇಳಾಕತ್ತಾರಲ್ಲ ಬೇ!” ಎಂದಳು.

“ಸಂಬಂಧಾನ ನೋಡಾಕತ್ತೇನ್ರಿ ಅವ್ವಾರ, ನಿಮಗೂ ನಿಮ್ಮ ತಾಟಿಗೂ,” ಎಂದು ಆಕೆ ನಕ್ಕಳು.

ನನ್ನ ಅನುಮಾನವನ್ನೂ ಹೇಳಿಬಿಟ್ಟೆ. ಆಹಾರದಿಂದ ಇಂಥ ರೋಗಗಳ ಬೇರು ನಿಜವಾಗಿಯೂ ಸಿಗುತ್ತದೆಯೆ? “ಎಲ್ಲಾರಿಗೂ ಸಿಗತೈತಿ ಅಂತ ನಾ ಹೇಳಂಗಿಲ್ರಿ,” ಎಂದಳು. “ದೇಹ ತನ್ನ ಮ್ಯಾಲೆ ತಾನ ತಿರುಗಿ ಬೀಳೂ ಜಡ್ಡು ಭಾಳ ಅದಾವ. ಹೆಚ್ಚಿನವಕ್ಕ ಕಾರಣ ಪೂರಾ ಗೊತ್ತಿಲ್ಲ. ಈ ಒಂದರದು ಗೊತ್ತೈತಿ, ಅದು ನಮ್ಮ ಪುಣ್ಯ. ಆದ್ರ ಗೊತ್ತಿರೂದು ಬ್ಯಾರೆ, ಅಡಗಿಮನ್ಯಾಗ ಅದನ್ನ ಹುಡುಕೂದು ಬ್ಯಾರೆ.” ಆ ಉತ್ತರದಿಂದಲೇ ನನಗೆ ಆಕೆಯ ಮೇಲೆ ಗೌರವ ಹುಟ್ಟಿತು. ಜೋಳವೇ ನಮ್ಮ ಹಿರಿಯರ ಔಷಧ ಎಂದು ನಾನು ಏನೋ ಹೇಳಹೊರಟಾಗಲೂ ತಡೆದಳು. ಜೋಳ ಔಷಧವಲ್ಲ, ಇವರಿಗೆ ಕೇಡು ಮಾಡದ ಊಟ, ಅಷ್ಟೇ ಎಂದಳು.

ಚಪಾತಿ, ಮಾದಲಿ, ಶಾವಿಗೆ, ರವೆ, ಬಿಸ್ಕೀಟು ಎಲ್ಲ ಬಂದ್ ಆದವು. ಇಂಗಿನ ಡಬ್ಬಿಯನ್ನೂ ತರಿಸಿ ನೋಡಿ ಬೇಡ ಎಂದಳು, ಅದರಲ್ಲಿ ಗೋಧಿಹಿಟ್ಟು ಬೆರೆಸಿರುತ್ತಾರಂತೆ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಜೋಳ ಹಾಕಿದರೆ ಅದೂ ನಡೆಯುವುದಿಲ್ಲ. ತಿಕೋಟಾದಲ್ಲಿ ಜೋಳ ಮಾತ್ರ ಬೀಸುವ ಕಲ್ಲಿದ್ದ ಗಿರಣಿಯನ್ನು ಹುಡುಕಿದೆವು. ಮನೆಯಲ್ಲಿ ಅವಳಿಗೆ ಬೇರೆ ಹಂಚು, ಬೇರೆ ಕೊಮ್ಮಣಿಗೆ. ಅದರಲ್ಲಿ ಸೊಸೆ ಅವಳ ರೊಟ್ಟಿಯ ಹಿಟ್ಟು ಮಾತ್ರ ನಾದುತ್ತಿದ್ದಳು.

ಚಿಗವ್ವನ ಗಟ್ಟಿತನ ನನಗೆ ಕಂಡದ್ದು ಬಬಲೇಶ್ವರದಲ್ಲಿ ನಡೆದ ನಂಟರೊಬ್ಬರ ಮದುವೆಯಲ್ಲಿ. ಪಂಕ್ತಿಯಲ್ಲಿ ಗೋಧಿ ಹುಗ್ಗಿ ಬಡಿಸುತ್ತ ಬಂದ ಬೀಗರ ಕಡೆಯ ಹೆಂಗಸಿಗೆ ಅವಳು ಕೈ ಅಡ್ಡ ಹಿಡಿದಳು. ನಮ್ಮಲ್ಲಿ ಮದುವೆಯ ಹುಗ್ಗಿಗೆ ಕೈ ಅಡ್ಡ ಹಿಡಿಯುವುದೆಂದರೆ ಮನೆಯವರ ಮುಖಕ್ಕೆ ಹೊಡೆದಂತೆ. “ಯಾಕ ಬೇ? ನಮ್ಮನಿ ಹುಗ್ಗಿ ನಿನ್ನ ಗಂಟಲದಾಗ ಇಳ್ಯಂಗಿಲ್ಲೇನ? ಭಾಳ ದೊಡ್ಡಾಕಿ ಆಗೀದಿ ಬಿಡವಾ!”

“ಗಂಟಲದಾಗ ಇಳಿತೈತಿ, ಹೊಟ್ಟ್ಯಾಗ ಹೋಗಿ ಜಗಳ ತಗೀತೈತಿ,” ಎಂದಳು ಚಿಗವ್ವ. “ನೀ ನನ್ನ ಹೊಟ್ಟಿ ಕೂಡ ಮಾತಾಡಿ ರಾಜಿ ಮಾಡಸ್ತಿದ್ರ ಹೇಳು, ಎರಡ ಸೌಟ ಹಾಕು.” ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಕೆಯೂ ನಕ್ಕು ಮುಂದೆ ಹೋದಳು. ಚಿಗವ್ವ ಚೀಲದಿಂದ ಬುತ್ತಿ ತೆಗೆದಳು. ಸೊಸೆ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾಲ್ಕು ಮಡಿಕೆ ಮಾಡಿಟ್ಟಿದ್ದರೂ ರೊಟ್ಟಿ ಒಂದಿಷ್ಟೂ ಹರಿದಿರಲಿಲ್ಲ. ಹುಡುಗಿಯ ಕೈ ಸುಧಾರಿಸಿದೆ ಎಂದು ನಾನು ಹೊಗಳಿದ್ದು ನೆನಪಿದೆ. ಚಿಗವ್ವ ಏನಂದಳೋ ನೆನಪಿಲ್ಲ. ಏನೂ ಅನ್ನಲಿಲ್ಲ ಎಂದು ಈಗ ಅನ್ನಿಸುತ್ತದೆ, ಆದರೆ ಅದು ಈಗಿನ ನೆನಪು.

ಇಷ್ಟಾದರೂ ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿರಲಿಲ್ಲ, ತೂಕವೂ ಅಷ್ಟೇ. ಹೀಗೇ ನಡೆದರೆ ಕರುಳು ಇನ್ನಷ್ಟು ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಳೆ ಅಂಗಡಿಯ ಮೆಟ್ಟಿಲನ್ನು ಚಿಗವ್ವ ಗೋಡೆ ಹಿಡಿದು ಹತ್ತಿದಳು. ಕದ್ದು ತಿಂದಿರಾ ಎಂದು ಯಾರಾದರೂ ಕೇಳಿಬಿಡುವ ಸಂದರ್ಭ ಅದು. ಆಹಾರತಜ್ಞೆ ಕೇಳಲಿಲ್ಲ. “ಅವ್ವಾರ, ಮುಂದಿನ ಸಲ ಅಡಗಿ ಮಾಡಾವ್ರನ್ನ ಕರಕೊಂಡ ಬರ್ರಿ,” ಎಂದಳು.

ಸೊಸೆ ಬಂದಳು. ಸೆರಗು ಬಿಗಿಯಾಗಿ ಹೊದ್ದು ಕುರ್ಚಿಯ ತುದಿಗೆ ಕೂತಳು. “ನನಗ ರೊಟ್ಟಿ ಮಾಡೂದು ಬರಂಗಿಲ್ಲ. ಮೊದಲಿಂದ ಹೇಳ್ರಿ, ಕಲಿತೇನಿ,” ಎಂದಳು ಆಹಾರತಜ್ಞೆ. ಅದು ಉಪಾಯವೋ ನಿಜವೋ ನನಗೆ ಇಂದಿಗೂ ಗೊತ್ತಿಲ್ಲ.

“ಎಸರ ಇಡತೇನ್ರಿ. ಕುದಿಯೂ ನೀರಾಗ ಹಿಟ್ಟ ಕಲಸತೇನ್ರಿ. ಆಮ್ಯಾಲೆ ಒಂದ ಹಿಡಿ…” ಹುಡುಗಿಯ ಮಾತು ಅಲ್ಲಿಗೇ ಕಡಿಯಿತು. “ಒಂದ ಹಿಡಿ ಗೋದಿ ಹಿಟ್ಟ್ರಿ. ರೊಟ್ಟಿ ಹರೀಬಾರ್ದಂತ. ನಮ್ಮ ಅವ್ವ ಹೇಳಿಕೊಟ್ಟಾಳ್ರಿ. ಗೋದಿ ಬ್ಯಾಡ ಅಂದ್ರ ಚಪಾತಿ ಬ್ಯಾಡ ಅಂತ ತಿಳಿದಿದ್ನಿರಿ ನಾ… ಒಂದ ಹಿಡಿ ಏನ ಮಾಡತೈತಿ ಅಂತ…”

ಜೋಳದ ಹಿಟ್ಟಿಗೆ ಜಿಗಿ ಸಾಲದಿದ್ದರೆ ಒಂದು ಹಿಡಿ ಗೋಧಿ ಸೇರಿಸುವುದು ನಮ್ಮ ಕಡೆ ಹೊಸಬರ ಕೈಗೆ ಒಂದು ಆಸರೆ. ಯಾರೂ ಅದನ್ನು ಗೋಧಿ ತಿಂದದ್ದೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗನ್ನೂ ಗಿರಣಿಯನ್ನೂ ವಿಚಾರಿಸಿದ ನಾವು ಕಣ್ಣೆದುರಿನ ರೊಟ್ಟಿಯನ್ನು ವಿಚಾರಿಸಿರಲಿಲ್ಲ.

ಹುಡುಗಿ ಅಳುತ್ತಿದ್ದಳು. ಆಹಾರತಜ್ಞೆ ನೀರು ಕೊಟ್ಟು, “ಅಳಬ್ಯಾಡ್ರಿ. ನೀವು ಹೇಳಿದ್ರಿ ಅಂತ ಸಿಕ್ತು. ಹೇಳದಿದ್ರ ನಾನು ಇನ್ನಾ ಹುಡುಕ್ಕೋತ ಕುಂದರತಿದ್ದೆ,” ಎಂದಳು. ಪರೀಕ್ಷೆಯ ಕಾಗದದಲ್ಲಿ ಕಾಣದ ಕಾರಣವನ್ನು ಆಕೆ ಒಂದು ಅಡುಗೆಮನೆಯ ನಾಚಿಕೆಯ ಒಳಗೆ ಕೈಹಾಕಿ, ಯಾರಿಗೂ ನೋವಾಗದಂತೆ ತೆಗೆದಳು. ಅಂಥ ಕೇಳುವಿಕೆಯನ್ನು ನಾನು ಓದಿದ ವಿಶ್ವವಿದ್ಯಾಲಯದಲ್ಲೂ ಹೆಚ್ಚು ಕಂಡಿಲ್ಲ.

ಚಿಗವ್ವ ಮಾತ್ರ ಬೆರಗಾಗಲಿಲ್ಲ. “ಆಕಿ ಕೈ ಇನ್ನಾ ಪಳಗಿಲ್ರಿ ಬಾಯಾರ. ಪಳಗಿದ ಮ್ಯಾಲೆ ತಾನ ಬಿಡತಿದ್ಲು,” ಎಂದಳು. ನನ್ನ ತೊಡಕು ಈ ಮಾತಿನದೇ. ಅದು ಆ ಕೋಣೆಯಲ್ಲಿ, ಹುಡುಗಿಯ ಮಾತು ಮುಗಿಯುತ್ತಲೇ ಬಂತು ಎಂದು ಒಂದು ನೆನಪು. ಹಾಗಾದರೆ ಅವಳಿಗೆ ಮೊದಲೇ ಗೊತ್ತಿತ್ತು. ತಿಕೋಟಾದ ಬಸ್ಸಿನಲ್ಲಿ, ಹುಡುಗಿಯನ್ನು ಸಮಾಧಾನ ಮಾಡುತ್ತ ಹೇಳಿದಳು ಎಂದು ಇನ್ನೊಂದು ನೆನಪು. ಆ ನೆನಪಿನಲ್ಲಿ ಆಹಾರತಜ್ಞೆಯನ್ನು ಕರೆಯುವ “ಬಾಯಾರ” ಇಲ್ಲ. ಹಾಗಾದರೆ ಅದು ಬರೀ ಸಮಾಧಾನದ ಮಾತು. ಅತ್ತೆಯಂದಿರನ್ನು ದೇವರು ಮಾಡಿ ಬರೆಯುವ ಆಸೆ ನನಗೂ ಇರಬಹುದು. ಅದಕ್ಕೇ ಎರಡನ್ನೂ ಬರೆದಿಟ್ಟಿದ್ದೇನೆ.

ಆದರೆ ತುದಿ ಮುರಿದು ಹಾಕಿಕೊಂಡು ಹೋದ ವರ್ಷದ ಜೋಳವನ್ನು ಗುರುತಿಸಿದ ನಾಲಿಗೆಗೆ ಗೋಧಿ ಗೊತ್ತಾಗಲಿಲ್ಲ ಎಂದು ಹೇಗೆ ನಂಬಲಿ? ಇಡೀ ಮದುವೆಮನೆಗೆ ಕೈ ಅಡ್ಡ ಹಿಡಿದವಳಿಗೆ, ಮನೆಯ ಒಬ್ಬ ಹುಡುಗಿಗೆ ಬೇಡ ಎನ್ನಲು ಬಾಯಿ ಬರಲಿಲ್ಲವೆ? ಒಂದು ಹಿಡಿಯಿಂದ ಏನೂ ಆಗದು ಎಂದು ಅವಳೂ ತಿಳಿದಿದ್ದಳೋ, ಅಥವಾ ಓಣಿಯವರ ನಗೆಯಿಂದ ಹುಡುಗಿಯನ್ನು ಕಾಯಲು ತನ್ನ ಕರುಳನ್ನೇ ಕೊಟ್ಟಳೋ. ಎರಡನೆಯದಾದರೆ ಮೆಚ್ಚಬೇಕೋ ಬೈಯಬೇಕೋ ನನಗೆ ತಿಳಿಯದು.

ಆಮೇಲಿನದು ಒಳ್ಳೆಯ ಸುದ್ದಿ. ಹಿಡಿ ಗೋಧಿ ನಿಂತಿತು. ಹರಿದ ರೊಟ್ಟಿಗಳ ಕಾಲ ಶುರುವಾಯಿತು. ಚಿಗವ್ವ ತುಂಡುಗಳನ್ನು ಮಜ್ಜಿಗೆಯಲ್ಲಿ ನೆನೆಸಿ ಉಣ್ಣುತ್ತ, “ಹೊಟ್ಟ್ಯಾಗ ಹೋಗಿ ಕೂಡಕೋತಾವ ತಗೋ,” ಎನ್ನುತ್ತಿದ್ದಳು. ನಿಧಾನಕ್ಕೆ ರಕ್ತ ಏರಿತು, ಕೆನ್ನೆ ತುಂಬಿತು, ಮುಂಜಾನೆಯ ಬಿಗಿತ ಸಡಿಲಾಯಿತು. ಗುಳಿಗೆಗಳಲ್ಲಿ ಕೆಲವನ್ನು ಡಾಕ್ಟರೇ ನಿಲ್ಲಿಸಿದರು.

ಈ ಸಲ ತಿಕೋಟಾಕ್ಕೆ ಹೋದಾಗ ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದಿದ್ದರು. ಚಿಗವ್ವ ಬಡಿಯುತ್ತಿದ್ದಳು, ಹುಡುಗಿ ಪಕ್ಕದಲ್ಲಿ ಇನ್ನೊಂದು. “ನೀರ ಇನ್ನಾ ಕುದೀಲಿ ಬೇ, ಗಡಿಬಿಡಿ ಮಾಡಬ್ಯಾಡ.” ಹುಡುಗಿಯ ರೊಟ್ಟಿ ಅಂಚಿನಲ್ಲಿ ಒಂದಿಷ್ಟು ಸೀಳಿತ್ತು, ಉಳಿದಂತೆ ದುಂಡಗಿತ್ತು. ಅವಳು ನೀರು ತರಲು ಎದ್ದು ಹೋದಳು. ಆಗ ಕೇಳಿದೆ. ಚಿಗವ್ವ ಒದ್ದೆ ಬಟ್ಟೆಯಿಂದ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು, ಮಗುಚಿದಳು, ಉಬ್ಬಿದ ಮೇಲೆ ತೆಗೆದು ನನ್ನ ತಾಟಿಗೆ ಹಾಕಿ, “ಬಿಸೀದ ಐತಿ, ತಿನ್ನು,” ಎಂದಳು. ಹುಡುಗಿ ತಿರುಗಿ ಬಂದಳು. ಮರುವಾರ ಫೋನಿನಲ್ಲಿ ಮತ್ತೆ ಕೇಳಿದೆ, ಆಗ ದ್ರಾಕ್ಷಿ ಶೆಡ್ಡಿನ ಮಾತು ತೆಗೆದಳು. ನಾನು ಕೇಳಿದ್ದು ಇಷ್ಟೇ:

“ಚಿಗವ್ವಾ, ಆ ರೊಟ್ಟ್ಯಾಗ ಗೋದಿ ಐತಿ ಅನ್ನೂದು ನಿನಗ ಮೊದಲ ತುತ್ತಿಗೇ ಗೊತ್ತಾಗಿತ್ತಲ್ಲ?”