ಎರಡು ಪೊಟ್ಟಣ ಕಾರ್ನೇಷನ್

ನಿನ್ನೆ ನಮ್ಮ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ ಇತ್ತು. ಸಮಾರಂಭ ಮುಗಿದ ಮೇಲೆ ವೇದಿಕೆಯಲ್ಲಿ ಉಳಿದಿದ್ದ ಹೂಗುಚ್ಛವೊಂದನ್ನು ಯಾರೋ ನನ್ನ ಕೈಗೆ ತುರುಕಿದರು. ಮನೆಗೆ ತಂದು ಚೊಂಬಿನ ನೀರಿನಲ್ಲಿಟ್ಟೆ. ಈ ಬೆಳಿಗ್ಗೆ ಕಾಫಿ ಕುಡಿಯುತ್ತ ಸುಮ್ಮನೆ ಮೂಸಿದರೆ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಲವಂಗದ ಪರಿಮಳ. ಕಾರ್ನೇಷನ್! ಕಾಫಿ ಅಲ್ಲಿಗೇ ಸೇರದಾಯಿತು. ಈ ಹೂವಿಗೂ ನನಗೂ ಒಂದು ಹಳೆಯ ಅಪರಾಧದ ಸಂಬಂಧವಿದೆ. ಸಾಲದ್ದಕ್ಕೆ, ನನ್ನ ಬ್ಯಾಗಿನಲ್ಲಿ ಹದಿನೈದು ದಿನಗಳಿಂದ ಡಾಕ್ಟರರ ಚೀಟಿಯೊಂದು ಬಿದ್ದಿದೆ. ಎದೆಯಲ್ಲಿ ಕಡಲೆಯಷ್ಟು ದೊಡ್ಡ ಗಡ್ಡೆ, ಸ್ಕ್ಯಾನ್ ಆಗಬೇಕಂತೆ. ಮಾಡಿಸಿಲ್ಲ. ಯಾರಿಗೂ ಹೇಳಿಯೂ ಇಲ್ಲ.

ನಾನು ಹುಟ್ಟುಪುಕ್ಕಲಿ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನರಿಮೊಗರಿನ ಬಸ್‌ಸ್ಟಾಪಿನಿಂದ ಎರಡೆರಡು ಸಲ ಮನೆಗೆ ಓಡಿ ಬಂದು ನೋಡುವವಳು. ಮಕ್ಕಳಿಗೆ ವಿಜ್ಞಾನ ಕಲಿಸುವವಳು ಹೀಗಿರಬಹುದೇ ಎಂದು ನೀವು ಕೇಳಬಹುದು. ಇರಬಾರದು. ಆದರೆ ಹೆದರಿಕೆಗೆ ಪಠ್ಯಪುಸ್ತಕ ಓದಿ ಅಭ್ಯಾಸವಿಲ್ಲ.

ಕಾರ್ನೇಷನ್ ನಮ್ಮೂರಿನ ಹೂವಲ್ಲ. ಘಟ್ಟದ ಮೇಲಿನಿಂದ ಪೆಟ್ಟಿಗೆಯಲ್ಲಿ ಬಂದು ಪುತ್ತೂರಿನ ಕಲ್ಯಾಣಮಂಟಪಗಳಲ್ಲಿ ನಿಲ್ಲುತ್ತದೆ. ಅಂಚಿಗೆ ಕತ್ತರಿ ಆಡಿಸಿದ ಹಾಗಿರುವ ಎಸಳು, ಗಂಟುಗಂಟಾದ ದಂಟು. ಜಡೆಗೆ ಮುಡಿಯುವವರಿಲ್ಲ, ದೇವರ ತಲೆಗೆ ಇಡುವವರಿಲ್ಲ. ಅದರ ದೊಡ್ಡ ಗುಣವೆಂದರೆ ಬೇಗ ಬಾಡುವುದಿಲ್ಲ. ಆ ಗುಣವೇ ನನ್ನ ನಿದ್ದೆ ಕೆಡಿಸಿದ್ದು.

ಆರೇಳು ವರ್ಷಗಳ ಹಿಂದಿನ ಮಾತು. ಮರ್ಕಂಜದಲ್ಲಿರುವ ನನ್ನ ದೊಡ್ಡಮ್ಮನ ಗರ್ಭಕೋಶದಲ್ಲಿ ಗಡ್ಡೆ ಕಂಡಿತ್ತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವರು ಅವರೇ. ಆಪರೇಷನ್ ತಡಮಾಡಿದರೆ ಕಷ್ಟ ಎಂದಿದ್ದರು ಡಾಕ್ಟರು. ಪುತ್ತೂರಿನಲ್ಲಿ ಒಂದು ಮದುವೆ ಊಟ ಮುಗಿಸಿ, ಅಲ್ಲಿ ಸಿಕ್ಕಿದ ಕೆಂಪು, ಬಿಳಿ ಕಾರ್ನೇಷನ್‌ಗಳನ್ನು ಹಿಡಿದುಕೊಂಡು, ದೊಡ್ಡಮ್ಮನನ್ನು ಆಪರೇಷನ್‌ಗೆ ಒಪ್ಪಿಸಲೆಂದು ಮರ್ಕಂಜಕ್ಕೆ ಹೋದೆ.

"ಡಾಕ್ಟ್ರು ಹೇಳಿದ್ರೆ ಆಯ್ತಾ? ದೇವರ ಹತ್ರ ಹೂ ಇಟ್ಟು ಕೇಳುವ," ಎಂದರು ದೊಡ್ಡಮ್ಮ. "ಬಿಳಿ ಬಂದ್ರೆ ಹೋಗುದು. ಕೆಂಪು ಬಂದ್ರೆ ಕಷಾಯ ಕುಡಿದು ಇಲ್ಲಿಯೇ ಇರುದು."

ಬಾಳೆಲೆಯ ಎರಡು ಪೊಟ್ಟಣ. ಒಂದರಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು. ಬೇರೆ ಯಾರಾದರೂ ಕಟ್ಟಿ ದೇವರ ಮುಂದಿಡಬೇಕು; ಕೇಳುವವರು ಕೈಮುಗಿದು ಒಂದನ್ನು ಎತ್ತಿಕೊಳ್ಳಬೇಕು. ನಾನು ಅಂಗಳದಿಂದ ಬಿಳಿ ನಂದಿಬಟ್ಟಲು, ಕೆಂಪು ಕೇಪುಳದ ಹೂ ಕೊಯ್ದು ತಂದೆ. ದೊಡ್ಡಮ್ಮ ತಲೆಯಾಡಿಸಿದರು.

"ಅದು ಬೇಡ. ಮುಟ್ಟಿದ ಕೂಡಲೇ ಕೈಗೆ ಗೊತ್ತಾಗ್ತದೆ. ಎರಡೂ ಒಂದೇ ಜಾತಿಯದ್ದು ಆಗಬೇಕು. ನಿನ್ನ ಪೇಟೆ ಹೂವನ್ನೇ ಇಡು."

ದೇವರಕೋಣೆಯಲ್ಲಿ ನಾನೊಬ್ಬಳೇ ಕುಳಿತು ಬಾಳೆನಾರು ಸೀಳಿದೆ. ಬಿಳಿಯದನ್ನು ಕಟ್ಟಿದೆ. ಕೆಂಪನ್ನು ಕೈಗೆತ್ತಿಕೊಂಡೆ. ಇದು ಬಂದರೆ ದೊಡ್ಡಮ್ಮ ಹೋಗುವುದಿಲ್ಲ. ಹೋಗದಿದ್ದರೆ ಉಳಿಯುವುದಿಲ್ಲ. ಆ ಕೆಂಪು ಹೂ ನನ್ನ ಬ್ಯಾಗಿನ ಉತ್ತರಪತ್ರಿಕೆಗಳ ನಡುವೆ ಹೋಯಿತು. ಎರಡನೆಯ ಪೊಟ್ಟಣಕ್ಕೂ ಬಿಳಿಯನ್ನೇ ಹಾಕಿ, ನನ್ನ ಅಭ್ಯಾಸದಂತೆ ಎರಡೆರಡು ಗಂಟು ಬಿಗಿದೆ.

ದೊಡ್ಡಮ್ಮ ಬಲಗಡೆಯದನ್ನು ಎತ್ತಿದರು. ಬಿಳಿ. "ಹಾಗಾದ್ರೆ ಹೋಗುದೇ," ಎಂದರು. ನಾನು ಉಳಿದ ಪೊಟ್ಟಣಕ್ಕೆ ಕೈಚಾಚಿದೆ. "ಅದು ಅಲ್ಲಿಯೇ ಇರಲಿ. ಬಾಡಿದ ಮೇಲೆ ತುಳಸಿ ಬುಡಕ್ಕೆ ಹಾಕುವ," ಎಂದರು.

ಬಾಡಿದ ಮೇಲೆ! ನಂದಿಬಟ್ಟಲಾಗಿದ್ದರೆ ಸಂಜೆಯೊಳಗೆ ಕಪ್ಪಾಗಿ, ಯಾವ ಬಣ್ಣವೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಇದು ಕಾರ್ನೇಷನ್. ನನ್ನ ಕಳ್ಳತನ ವಾರಗಟ್ಟಲೆ ಬೆಳ್ಳಗೆ ಕುಳಿತಿರುತ್ತದೆ.

ಎರಡು ದಿನ ಕಳೆದು ಪುತ್ತೂರಿನ ಆಸ್ಪತ್ರೆಗೆ ಹೋದೆವು. ದೊಡ್ಡಮ್ಮನನ್ನು ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನಲ್ಲಿ ಕುಳಿತು ಮೊಬೈಲು ತೆರೆದೆ. ಮಾಡಬಾರದ ಕೆಲಸ. ಕೆಲವು ದೇಶಗಳಲ್ಲಿ ತಾಯಂದಿರ ದಿನ ಕಾರ್ನೇಷನ್ ಸಿಕ್ಕಿಸಿಕೊಳ್ಳುವ ರೂಢಿಯಿದೆ, ತಾಯಿ ಬದುಕಿದ್ದರೆ ಕೆಂಪು, ತೀರಿಹೋಗಿದ್ದರೆ ಬಿಳಿ ಎಂದಿತ್ತು ಅದರಲ್ಲಿ. ತಾಯಿಯಂಥವಳ ಮುಂದೆ ಒಂದಲ್ಲ, ಎರಡು ಬಿಳಿ ಇಟ್ಟು ಬಂದಿದ್ದೆ. ದೇವರು ಬೇಡ ಎನ್ನುವವನಿದ್ದನೋ ಏನೋ, ಅವನ ಬಾಯಿಯನ್ನೂ ನಾನೇ ಕಟ್ಟಿದ್ದೆ. ಇವರಿಗೆ ಏನಾದರೂ ಆದರೆ ಅದು ನನ್ನ ಕೈಯಿಂದಲೇ ಆದದ್ದು. ಆ ಮೂರು ಗಂಟೆಗಳಲ್ಲಿ ನಾನು ಹೊತ್ತ ಹರಕೆಗಳನ್ನು ಇವತ್ತಿಗೂ ಪೂರ್ತಿ ತೀರಿಸಿಲ್ಲ.

ದೊಡ್ಡಮ್ಮ ಬದುಕಿದರು. ಹತ್ತು ದಿನಗಳ ಮೇಲೆ ಮರ್ಕಂಜಕ್ಕೆ ಬಂದು ಅವರನ್ನು ಮಲಗಿಸಿದವಳೇ ದೇವರಕೋಣೆಗೆ ನುಗ್ಗಿದೆ. ಪೊಟ್ಟಣ ಅಲ್ಲಿಯೇ ಇತ್ತು. ಎಲೆ ಒಣಗಿ ಮುರುಟಿತ್ತು. ನಾರಿಗೆ ಒಂದೇ ಗಂಟು ಇತ್ತು, ಒಣಗಿ ಬಿಚ್ಚಿರಬೇಕೆಂದುಕೊಂಡೆ. ಒಳಗೆ ಹೂ ಅಂಚಿನಲ್ಲಷ್ಟೇ ಕಂದಿ, ಇನ್ನೂ ಬೆಳ್ಳಗಿತ್ತು. ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬಾಳೆಬುಡದಲ್ಲಿ ಹೂತುಬಿಟ್ಟೆ. ದೊಡ್ಡಮ್ಮ ಆ ಪೊಟ್ಟಣದ ಸುದ್ದಿ ಎತ್ತಲಿಲ್ಲ. ಬಚಾವಾದೆ ಎಂದುಕೊಂಡೆ.

ಈ ಬೆಳಿಗ್ಗೆ ಆ ಪರಿಮಳ ಮೂಗಿಗೆ ತಾಗಿದ್ದೇ, ಯಾಕೋ ದೊಡ್ಡಮ್ಮನಿಗೆ ಫೋನು ಮಾಡಿಬಿಟ್ಟೆ. ಗಡ್ಡೆಯ ವಿಷಯ, ಚೀಟಿಯ ವಿಷಯ ಎಲ್ಲ ಹೇಳಿದೆ.

"ದೊಡ್ಡಮ್ಮ, ನನಗೋಸ್ಕರ ಒಮ್ಮೆ ಹೂ ಇಟ್ಟು ಕೇಳಬಹುದಾ?" ಎಂದೆ.

"ಕೇಳುವ. ನನಗೆ ನೀನು ಇಟ್ಟ ಹಾಗೆ, ಎರಡರಲ್ಲಿಯೂ ಬಿಳಿಯೇ ಇಟ್ಟು ಕೇಳುವ."

"ಗೊತ್ತಿತ್ತಾ?" ಎಂದೆ.

"ಆಸ್ಪತ್ರೆಗೆ ಹೊರಡುವ ದಿನವೇ ಬಿಚ್ಚಿ ನೋಡಿದ್ದೆ ಮಾರಾಯ್ತಿ. ನೋಡಿ ಮತ್ತೆ ಕಟ್ಟಿ ಇಟ್ಟೆ."

"ಹಾಗಾದ್ರೆ ಹೋದದ್ದು ಯಾಕೆ?"

"ನಿನ್ನಂಥ ಪುಕ್ಕಲಿ ದೇವರ ಎದುರು ಕಳ್ಳತನ ಮಾಡಬೇಕಾದ್ರೆ, ನಾನು ಬದುಕಿರಬೇಕು ಅಂತ ನಿನಗೆ ಎಷ್ಟು ಆಸೆ ಇರಬೇಕು? ಮತ್ತೆ ಎಂತ ಪ್ರಸಾದ ಬೇಕು ನನಗೆ?" ಎಂದರು. "ಈಗ ನನಗೂ ಹಾಗೆಯೇ ಉಂಟು. ಯಾವಾಗ ಹೋಗುದು ನೀನು?" ಎಂದು ಕೇಳಿದರು.

"ನಾಳೆ," ಎಂದೆ.

"ಇವತ್ತು ಪುತ್ತೂರಿಗೆ ಬಸ್ಸು ಇಲ್ವಾ?"

ಹೆದರಿಕೆ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೂ ಚೀಟಿಯನ್ನು ಬ್ಯಾಗಿನ ತಳದಿಂದ ಮೇಲಕ್ಕೆ ತಂದೆ. ಗ್ಯಾಸ್ ಆರಿದೆಯೇ ಎಂದು ಒಂದೇ ಒಂದು ಸಲ ನೋಡಿ, ಬಾಗಿಲು ಹಾಕಿಕೊಂಡು ಹೊರಟೆ.